ನವಿಲುಕೋಸು ಒಲ್ಲೆ ಎಂದ ಶಿಲೀಂಧ್ರ

ಹೋದ ವರ್ಷ ನಮ್ಮ ಟೆರೇಸಿನ ನವಿಲುಕೋಸಿನ ಕುಂಡಗಳಿಗೆ ಒಂದು ಪ್ಯಾಕೆಟ್ ‘ವ್ಯಾಮ್’ ಎಂಬ ಶಿಲೀಂಧ್ರದ ಪುಡಿ ಹಾಕಿದೆ. ಬೇರಿಗೆ ಒಳ್ಳೇದು ಅಂತ ಯಾರೋ ಹೇಳಿದ್ದರು. ಗೆಡ್ಡೆ ಮಾತ್ರ ಎಂದಿನಷ್ಟೇ ಬಂತು, ನಿಂಬೆಹಣ್ಣಿಗಿಂತ ಒಂಚೂರು ದಪ್ಪ. ಪುಡಿಯೇ ಸರಿಯಿಲ್ಲ ಅಂದುಕೊಂಡೆ. ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುವ ಗೆಳೆಯನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕ. ಸಾಸಿವೆ, ಎಲೆಕೋಸು, ಮೂಲಂಗಿ, ನವಿಲುಕೋಸು ಎಲ್ಲ ಒಂದೇ ಮನೆತನ. ಈ ಶಿಲೀಂಧ್ರವನ್ನು ಬೇರಿನೊಳಗೆ ಬಿಟ್ಟುಕೊಳ್ಳದ ಮನೆತನ. ತಪ್ಪು ಪುಡಿಯದಲ್ಲ, ನನ್ನದು.

ಉಳಿದ ಬೆಳೆಗಳಲ್ಲಿ ಹೆಚ್ಚಿನವು ಖುಷಿಯಿಂದ ಬಿಟ್ಟುಕೊಳ್ಳುತ್ತವೆ. ರಾಗಿ, ಅವರೆ, ಟೊಮೆಟೊ, ಮೆಣಸಿನಕಾಯಿ, ಮಾವು. ಬೇರು ಮತ್ತು ಶಿಲೀಂಧ್ರದ ಈ ಕೂಡುಬಾಳಿಗೆ 1885ರಲ್ಲಿ ಜರ್ಮನಿಯ ಫ್ರಾಂಕ್ ಎಂಬ ವಿಜ್ಞಾನಿ ಮೈಕೊರೈಜಾ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಅಣಬೆಬೇರು ಅಂತ ಅರ್ಥ.

ಗಿಡಕ್ಕೆ ಇದರಿಂದೇನು ಲಾಭ? ಬೆಂಗಳೂರಿನ ಸುತ್ತಲಿನ ಕೆಮ್ಮಣ್ಣನ್ನೇ ನೋಡಿ. ಅದರಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಸಾರಜನಕದ ಹಾಗೆ ರಂಜಕ ನೀರಿನ ಜೊತೆ ಸರಾಗವಾಗಿ ಬೇರಿಗೆ ಬರುವುದಿಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಮಣ್ಣನ್ನು ಬರಿದು ಮಾಡಿ ಸುಮ್ನೆ ಕೂತುಬಿಡುತ್ತದೆ. ಶಿಲೀಂಧ್ರದ ಎಳೆ ಕೂದಲಿಗಿಂತ ಎಷ್ಟೋ ಸಪೂರ. ಬೇರಿನಿಂದ ಹೊರಟು ಸೆಂಟಿಮೀಟರ್‌ಗಟ್ಟಲೆ ದೂರ ಹೋಗಿ ರಂಜಕ ಹೊತ್ತು ತರುತ್ತದೆ. ಪುಕ್ಕಟೆ ಅಲ್ಲ. ಬದಲಿಗೆ ಗಿಡ ಸಕ್ಕರೆ, ಕೊಬ್ಬು ಕೊಡಬೇಕು.

ಇದರ ಹಿಂದೆಯೇ ವರ್ಷಗಟ್ಟಲೆ ಬಿದ್ದವರು ಬೆಂಗಳೂರಿನ ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿ ಡಿ.ಜೆ. ಭಾಗ್ಯರಾಜ್. ಆರಿಸಿಕೊಂಡ ಜೀವಿ ಬಲು ಹಟಮಾರಿ. ದ್ವಿದಳ ಧಾನ್ಯಗಳಿಗೆ ಹಾಕುವ ರೈಜೋಬಿಯಂ ಬ್ಯಾಕ್ಟೀರಿಯಾವನ್ನು ಗಾಜಿನ ಬುಡ್ಡಿಯಲ್ಲಿ ಬೆಲ್ಲದ ನೀರು ಕೊಟ್ಟಾದರೂ ಬೆಳೆಸಬಹುದು. ವ್ಯಾಮ್ ಶಿಲೀಂಧ್ರ ಹಾಗಲ್ಲ, ಅದಕ್ಕೆ ಜೀವಂತ ಬೇರೇ ಬೇಕು. ಅಂದರೆ ಶಿಲೀಂಧ್ರ ಸಾಕಬೇಕಾದರೆ ಮೊದಲು ಗಿಡ ಸಾಕಬೇಕು, ಪ್ರಯೋಗಾಲಯವೇ ನರ್ಸರಿ ಆಗಬೇಕು.

ಹಾಗಾದರೆ ಯಾವ ಗಿಡ? ಕೇಳಲು ತೀರಾ ಸಾಮಾನ್ಯ ಪ್ರಶ್ನೆ. 1980ರಲ್ಲಿ ಭಾಗ್ಯರಾಜ್ ಮತ್ತು ಅವರ ಸಹೋದ್ಯೋಗಿ ಇದರ ಮೇಲೆಯೇ ಒಂದು ಪ್ರಬಂಧ ಬರೆದರು. ಹಲವು ಗಿಡಗಳನ್ನು ಹೋಲಿಸಿ ನೋಡಿದಾಗ ಗೆದ್ದದ್ದು ಗಿನಿ ಹುಲ್ಲು, ನಮ್ಮ ಹಸುಗಳಿಗೆ ಹಾಕುವ ಅದೇ ಮೇವು! ಅವರ ಕೆಲಸದಲ್ಲಿ ನನಗೆ ಹಿಡಿಸುವುದು ಇಂಥ ಪ್ರಶ್ನೆಗಳೇ. ಮಾರನೇ ವರ್ಷ ಅವರ ತಂಡ ರಾಗಿ ಪೈರಿಗೆ ಈ ಶಿಲೀಂಧ್ರದ ಜೊತೆ ರಂಜಕ ಕರಗಿಸುವ ಬ್ಯಾಕ್ಟೀರಿಯಾವನ್ನೂ ಕೊಟ್ಟು, ವಿಕಿರಣ ಸೂಸುವ ರಂಜಕ ಗಿಡದೊಳಗೆ ಎಷ್ಟು ಸೇರಿತು ಅಂತ ಅಳೆಯಿತು. 1982ರಲ್ಲಿ ಮೆಣಸಿನಕಾಯಿಯ ಸರದಿ. ಸಸಿ ಮಡಿಯಲ್ಲೇ ಶಿಲೀಂಧ್ರ ಹತ್ತಿಸಿ ಹೊಲಕ್ಕೆ ನಾಟಿ ಮಾಡಿದರು. ಇಳುವರಿ ಹೆಚ್ಚಿತು, ರಂಜಕದ ಗೊಬ್ಬರವೂ ಉಳಿಯಿತು. ಎಕರೆಗಟ್ಟಲೆ ಹೊಲಕ್ಕೆ ಶಿಲೀಂಧ್ರ ಬೆಳೆದ ಹುಲ್ಲಿನ ಬೇರು ಬೆರೆತ ಮಣ್ಣು ಚೆಲ್ಲಲು ಯಾರಿಂದಾಗುತ್ತೆ? ಆದರೆ ಅಷ್ಟೂ ಹೊಲದ ಸಸಿಗಳು ಮೊದಲು ಒಂದು ಪುಟ್ಟ ಮಡಿಯಲ್ಲೇ ಇರುತ್ತವೆ ಅಲ್ವಾ?

ಇದೇ ಗುಂಪಿನ ಒಂದು ಶಿಲೀಂಧ್ರಕ್ಕೆ ಅವರದೇ ಹೆಸರಿದೆ, ಗ್ಲೋಮಸ್ ಭಾಗ್ಯರಾಜಿ.

ನಕ್ಕ ಗೆಳೆಯ ಒಂದು ದಿನ ನನ್ನನ್ನು ಲ್ಯಾಬಿಗೆ ಕರೆದ. ರಾಗಿ ಬೇರನ್ನು ತೊಳೆದು, ತುಂಡು ಮಾಡಿ, ಕಾಸ್ಟಿಕ್ ಪೊಟ್ಯಾಶ್ ದ್ರಾವಣದಲ್ಲಿ ಬಿಸಿಗಿಟ್ಟ. ಬೇರು ಬೆಂದ ಶಾವಿಗೆಯ ಹಾಗೆ ಬೆಳ್ಳಗಾಯಿತು. ಆಮ್ಲದಲ್ಲಿ ಅದ್ದಿ, ಟ್ರಿಪಾನ್ ಬ್ಲೂ ಎಂಬ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟ. ಮೊದಲು ನನಗೆ ಬರೀ ನೀಲಿ ಗೀಟು ಕಂಡವು. ಆಮೇಲೆ ಒಂದು ಕೋಶದೊಳಗೆ ಕವಲು ಕವಲಾಗಿ ಒಡೆದ ಪುಟಾಣಿ ಮರ ಕಂಡಿತು. ಆರ್ಬಸ್ಕ್ಯೂಲ್ ಅಂದರೆ ಅದೇ, ಕೊಡುಕೊಳ್ಳುವಿಕೆ ನಡೆಯುವ ಜಾಗ. ಸ್ಕಾಟ್ಲೆಂಡಿನ ರೈನಿ ಎಂಬ ಊರಿನ ಕಲ್ಲಿನಲ್ಲಿ, ಸುಮಾರು 40 ಕೋಟಿ ವರ್ಷ ಹಳೆಯ ಗಿಡಗಳ ಪಳೆಯುಳಿಕೆಯೊಳಗೂ ಇಂಥದೇ ಮರಗಳಿವೆ. ಆ ಗಿಡಗಳಿಗೆ ನಿಜವಾದ ಬೇರೇ ಇರಲಿಲ್ಲ. ಬೇರಿಗಿಂತ ಮೊದಲೇ ನೆಂಟ ಬಂದು ಕೂತಿದ್ದ!

ಹೊರಡುವಾಗ ಗೆಳೆಯ ಇನ್ನೊಂದು ಮಾತು ಹೇಳಿದ. ರಂಜಕದ ಗೊಬ್ಬರವಾದ ಡಿಎಪಿ ಜಾಸ್ತಿ ಬಿದ್ದ ಮಣ್ಣಿನಲ್ಲಿ ಗಿಡ ಈ ನೆಂಟನನ್ನು ಅಷ್ಟಾಗಿ ಹತ್ತಿರ ಸೇರಿಸುವುದಿಲ್ಲ. ರಂಜಕ ಬೇರಿನ ಬುಡದಲ್ಲೇ ಸಿಗುವಾಗ ಸಕ್ಕರೆ ಯಾಕೆ ದಂಡ ಅಂತ. ನಾನು ಡಿಎಪಿಯನ್ನೂ ಹಾಕಿದ್ದೆ, ಅವನಿಗೆ ಹೇಳಲಿಲ್ಲ.

ಈ ಸಲ ಕುಂಡಕ್ಕೆ ಕೆಮ್ಮಣ್ಣು, ಒಂದಿಷ್ಟು ಕೊಟ್ಟಿಗೆ ಗೊಬ್ಬರ, ಮೇಲೆ ಒಂದು ಚಮಚ ಪುಡಿ, ಅದರ ಮೇಲೆ ಮೆಣಸಿನ ಬೀಜ. ಸದ್ಯಕ್ಕೆ ನಾಲ್ಕು ಎಲೆ ಬಂದಿವೆ. ಪಕ್ಕದಲ್ಲಿ ಪುಡಿ ಹಾಕದ ಕುಂಡವನ್ನೂ ಇಟ್ಟಿದ್ದೇನೆ, ಅದಕ್ಕೂ ನಾಲ್ಕೇ.