ಹಳೇ ಶಾಸ್ತ್ರಕ್ಕೆ ಎದುರಾದ ಹೊಸ ರೋಗ: ಚೀನೀ ವೈದ್ಯ ಎಚ್‌ಐವಿಯನ್ನು ಅರ್ಥ ಮಾಡಿಕೊಂಡ ಬಗೆ

ಒಂದೇ ವೈರಸ್ ಹೊತ್ತ ಮೂವರು ರೋಗಿಗಳು ಸಾಂಪ್ರದಾಯಿಕ ಚೀನೀ ವೈದ್ಯರ ಮುಂದೆ ಕೂತು ನಾಲಿಗೆ ಚಾಚಿದರೆ ಮೂವರಿಗೂ ಬೇರೆ ಬೇರೆ ಕಷಾಯ ಸಿಗಬಹುದು. ಮೊದಲನೆಯವರ ನಾಲಿಗೆ ಬಿಳಿಚಿಕೊಂಡು ಊದಿದೆ, ಅಂಚಿನಲ್ಲಿ ಹಲ್ಲಿನ ಗುರುತು ಬಿದ್ದಿದೆ. ಗುಲ್ಮದ 'ಚೀ', ಅಂದರೆ ಜೀವಶಕ್ತಿ, ಕುಗ್ಗಿದೆ ಎನ್ನುತ್ತಾರೆ ವೈದ್ಯರು. ಇಲ್ಲಿ ಗುಲ್ಮ ಎಂದರೆ ಪಕ್ಕೆಯೊಳಗಿನ ಅಂಗವಷ್ಟೇ ಅಲ್ಲ, ಉಂಡದ್ದನ್ನು ಶಕ್ತಿಯಾಗಿಸುವ ಇಡೀ ವ್ಯವಸ್ಥೆ. ಎರಡನೆಯವರ ನಾಲಿಗೆ ಕೆಂಪಗಿದೆ, ಮೇಲೆ ಲೇಪವೇ ಇಲ್ಲ, ನಡುವೆ ಬಿರುಕು. ಸಂಜೆ ಸಣ್ಣ ಜ್ವರ, ರಾತ್ರಿ ಬೆವರು. ಇದು 'ಯಿನ್', ಅಂದರೆ ದೇಹವನ್ನು ತಂಪಾಗಿ ತೇವವಾಗಿ ಇಡುವ ಅಂಶ, ಬತ್ತಿರುವ ಲಕ್ಷಣ. ಮೂರನೆಯವರದು ದಪ್ಪ, ಜಿಗುಟು, ಹಳದಿ ಲೇಪ. ಅದು ತೇವ ಮತ್ತು ಉಷ್ಣ ಕೂಡಿಕೊಂಡ ಸ್ಥಿತಿ. ಮೊಸರಿನ ಹೆಪ್ಪಿನಂತೆ ಕೂತು, ಕೆರೆದರೆ ಎದ್ದುಬರುವ ಬಿಳಿ ಪದರ ಮಾತ್ರ ಬೇರೆಯೇ ವಿಷಯ. ಅದು ಸಾಮಾನ್ಯವಾಗಿ ಕ್ಯಾಂಡಿಡಾ ಶಿಲೀಂಧ್ರ, ಅದಕ್ಕೆ ಬೇಕಿರುವುದು ಫ್ಲುಕೊನಜೋಲ್‌ನಂಥ ಔಷಧ. ನಾಲಿಗೆಯ ಪಕ್ಕದಲ್ಲಿ ಗೆರೆಗೆರೆಯಾಗಿ ಮೂಡಿ, ಕೆರೆದರೂ ಏಳದ ಬಿಳುಪು ಮತ್ತೊಂದು ರೋಗಚಿಹ್ನೆ. ಇವೆರಡನ್ನೂ ಬರೀ 'ಲೇಪ' ಎಂದು ಓದಿದವರು ಮುಖ್ಯವಾದ ಸುಳಿವನ್ನೇ ಕೈಬಿಟ್ಟಂತೆ.

1981ರ ಜೂನ್‌ನಲ್ಲಿ ಅಮೆರಿಕದಲ್ಲಿ ಏಡ್ಸ್ ರೋಗದ ಮೊದಲ ವರದಿ ಬಂತು. 1983ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ವೈರಸ್ ಸಿಕ್ಕಿತು. ಚೀನೀ ವೈದ್ಯರ ಯಾವ ಹಳೆಯ ಗ್ರಂಥದಲ್ಲೂ ಈ ರೋಗದ ಹೆಸರಿರಲಿಲ್ಲ. ಹಾಗಾಗಿ ಅವರು ಬೇರೆ ಬೇರೆ ಕಾಲದ ವಿಚಾರಗಳನ್ನು ಹೊಲಿದು ಒಂದು ಚಿತ್ರ ಕಟ್ಟಿಕೊಂಡರು. ಅತ್ಯಂತ ಹಳೆಯ ಎಳೆ 'ಹ್ವಾಂಗ್‌ಡಿ ನೇಯ್‌ಜಿಂಗ್' ಎಂಬ ಮೂಲ ವೈದ್ಯಗ್ರಂಥದ್ದು. ದೇಹದ ಸತ್ವವಾದ 'ಝೆಂಗ್ ಚೀ' ಒಳಗೆ ಗಟ್ಟಿಯಾಗಿದ್ದರೆ ಕೇಡು ನುಗ್ಗಲಾರದು ಎಂಬ ಮಾತು ಅಲ್ಲಿದೆ. ಚಳಿಗಾಲದಲ್ಲಿ ಒಳಹೊಕ್ಕ ಶೀತ ಅಡಗಿದ್ದು ವಸಂತದಲ್ಲಿ ಜ್ವರವಾಗಿ ಏಳುತ್ತದೆ ಎಂಬ ಮಾತೂ ಅಲ್ಲಿಯದೇ, 'ಫು ಚೀ' ಅಂದರೆ ಅಡಗಿದ ಕೇಡು ಎಂಬ ಕಲ್ಪನೆ ಹುಟ್ಟಿದ್ದು ಅದರಿಂದ. ಎರಡನೆಯ ಎಳೆ 1642ರದು. ಮಿಂಗ್ ರಾಜವಂಶದ ಕೊನೆಗಾಲದ ಸಾಂಕ್ರಾಮಿಕಗಳನ್ನು ಕಣ್ಣಾರೆ ಕಂಡ ವೈದ್ಯ ವು ಯೌಶಿಂಗ್, ಇಂಥ ರೋಗಗಳು ಬಿಸಿಲು, ಚಳಿ, ಗಾಳಿಯಿಂದ ಬರುವಂಥವಲ್ಲ, 'ಲಿ ಚೀ' ಎಂಬ ಬೇರೆಯದೇ ವಿಷದಿಂದ ಬರುತ್ತವೆ, ಒಂದೊಂದು ರೋಗಕ್ಕೂ ಅದರದೇ ವಿಷವಿದೆ ಎಂದು ಬರೆದ. ಸೂಕ್ಷ್ಮಾಣು ಸಿದ್ಧಾಂತಕ್ಕಿಂತ ಎರಡು ಶತಮಾನ ಮೊದಲಿನ ಮಾತಿದು. 18ನೇ ಶತಮಾನದಲ್ಲಿ ಸುಝೌ ನಗರದ ಯೆ ತಿಯಾನ್‌ಷಿ, ಉಷ್ಣಜ್ವರ ಹೊರಪದರದಿಂದ ರಕ್ತದವರೆಗೆ ಇಳಿಯುವ ನಾಲ್ಕು ಹಂತಗಳನ್ನು ಗುರುತಿಸಿದ: ವೇ, ಚೀ, ಯಿಂಗ್, ಶುಯೆ.

ಈ ಎಳೆಗಳನ್ನು ಎಚ್‌ಐವಿಗೆ ಹೊಂದಿಸಿದಾಗ ಕಥೆ ಬೆರಗಾಗುವಷ್ಟು ಸರಿಹೋಯಿತು. ಸೋಂಕು ತಗುಲಿದ ಎರಡು ಮೂರು ವಾರಕ್ಕೆ ಬರುವ ಜ್ವರ, ಗಂಟಲುನೋವು ಹೊರಪದರದ ಹಂತ. ಆಮೇಲೆ ಏಳೆಂಟು ವರ್ಷ ಏನೂ ಕಾಣದ ಕಾಲ, ಅಡಗಿದ ಕೇಡು ಗುಲ್ಮ ಮತ್ತು ಮೂತ್ರಪಿಂಡದ ಸತ್ವವನ್ನು ತಿನ್ನುವ ಕಾಲ. ಕೊನೆಗೆ ತೂಕ ಇಳಿದು, ಭೇದಿ ಹಿಡಿದು, ಒಂದರ ಮೇಲೊಂದು ಸೋಂಕು ಬರುವಾಗ ಅದು 'ಶು ಲಾವೊ', ನಮ್ಮಲ್ಲಿ ಕ್ಷಯ ಎಂದು ಕರೆಯುತ್ತಿದ್ದ ಸವೆತದ ಸ್ಥಿತಿ. ಆಯುರ್ವೇದದವರು ಇದೇ ರೋಗವನ್ನು ಓಜಃಕ್ಷಯ, ರಾಜಯಕ್ಷ್ಮ ಎಂದು ಓದಿದ್ದು ಹೆಚ್ಚು ಕಡಿಮೆ ಇದೇ ದಾರಿಯಲ್ಲಿ.

ಆದರೆ ಕಥೆ ಹೊಂದಿತು ಎಂದಮಾತ್ರಕ್ಕೆ ರೋಗ ಕೈಗೆ ಸಿಕ್ಕಿತು ಎಂದಾಗುವುದಿಲ್ಲ. ಆ ಮೌನದ ವರ್ಷಗಳಲ್ಲಿ ವೈರಸ್ ಮಲಗಿರುವುದಿಲ್ಲ, ದಿನಕ್ಕೆ ಕೋಟಿಗಟ್ಟಲೆ ಹುಟ್ಟುತ್ತಾ, ರೋಗದೊಡನೆ ಹೋರಾಡುವ ಸಿಡಿ-4 ಬಿಳಿ ರಕ್ತಕಣಗಳನ್ನು ಕೊಲ್ಲುತ್ತಿರುತ್ತದೆ ಎಂದು 1995ರ ಸಂಶೋಧನೆಗಳು ತೋರಿಸಿದವು. ನಿಜವಾಗಿ ಅಡಗಿರುವುದು ಬೇರೆ ಕಡೆ, ವಿಶ್ರಾಂತಿಯಲ್ಲಿರುವ ಸಿಡಿ-4 ಕಣಗಳ ಡಿಎನ್‌ಎಯೊಳಗೆ. ಎಆರ್‌ಟಿ (ವೈರಸ್ ತಡೆಯುವ ಔಷಧ) ಮಾತ್ರೆ ನಿಲ್ಲಿಸಿದ ಕೆಲವೇ ವಾರಗಳಲ್ಲಿ ವೈರಸ್ ಮರಳುವುದು ಅಲ್ಲಿಂದಲೇ. 'ಫು ಚೀ' ಎಂಬ ಹಳೆಯ ಪದ ಒಪ್ಪುವುದು ಈ ಅಡಗುತಾಣಕ್ಕೆ, ಮತ್ತು ಅದನ್ನು ಹೊರಹಾಕುವ ಕಷಾಯ ಈವರೆಗೆ ಯಾರ ಬಳಿಯೂ ಇಲ್ಲ.

ಮೊದಲ ದೊಡ್ಡ ಪ್ರಯೋಗ ನಡೆದದ್ದು ಆಫ್ರಿಕದಲ್ಲಿ. 1987ರಲ್ಲಿ ಬೀಜಿಂಗ್‌ನ ಸಾಂಪ್ರದಾಯಿಕ ವೈದ್ಯ ಅಕಾಡೆಮಿಯ ತಂಡ ತಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಹೋಗಿ ಮುಹಿಂಬಿಲಿ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡತೊಡಗಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಎಝಡ್‌ಟಿ ಒಂದೇ ಔಷಧವಿದ್ದ ಕಾಲ, ಹತಾಶರಾದವರು ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಗಿಡಮೂಲಿಕೆ ಅಂಗಡಿಗಳತ್ತ ನಡೆದರು. ಅಲ್ಲಿ ನಡೆದ 'ಕಾಂಪೌಂಡ್ ಕ್ಯೂ' ಪ್ರಕರಣವನ್ನು ವಿವರವಾಗಿ ಹೇಳಬೇಕು. ನಮ್ಮ ಪಡವಲಕಾಯಿಯ ಕುಲಕ್ಕೇ ಸೇರಿದ ಒಂದು ಬಳ್ಳಿಯ ಬೇರನ್ನು ಚೀನಾದಲ್ಲಿ 'ತಿಯಾನ್ ಹುವಾ ಫೆನ್' ಎನ್ನುತ್ತಾರೆ. ಬಾಯಾರಿಕೆ, ಒಣಕೆಮ್ಮಿಗೆ ಅದನ್ನು ಕುದಿಸಿ ಕೊಡುವುದು ರೂಢಿ. ಅದರಿಂದ ಬೇರ್ಪಡಿಸಿದ ಟ್ರೈಕೊಸ್ಯಾಂಥಿನ್ ಎಂಬ ಪ್ರೋಟೀನನ್ನು ಚೀನಾದಲ್ಲಿ ಗರ್ಭಪಾತಕ್ಕೆ ಚುಚ್ಚುಮದ್ದಾಗಿ ಬಳಸುತ್ತಿದ್ದರು. 1989ರಲ್ಲಿ, ಪ್ರಯೋಗಾಲಯದ ಜೀವಕೋಶಗಳಲ್ಲಿ ಅದು ಎಚ್‌ಐವಿಯನ್ನು ತಡೆಯುತ್ತದೆ ಎಂಬ ವರದಿ ಬಂದದ್ದೇ ತಡ, ರೋಗಿಗಳ ಪರವಾಗಿ ಹೋರಾಡುತ್ತಿದ್ದ ಪ್ರಾಜೆಕ್ಟ್ ಇನ್‌ಫಾರ್ಮ್ ಸಂಘಟನೆ ಚೀನಾದಿಂದ ಔಷಧ ತರಿಸಿ, ಅನುಮತಿಯಿಲ್ಲದೆ ಪ್ರಯೋಗ ಶುರುಮಾಡಿತು. ಕೆಲವರಿಗೆ ಬುದ್ಧಿಭ್ರಮಣೆಯಾಯಿತು, ಪ್ರಜ್ಞೆ ತಪ್ಪಿತು, ಸಾವೂ ಸಂಭವಿಸಿತು. ಬೇರನ್ನು ಕುದಿಸಿದಾಗ ಪ್ರೋಟೀನ್ ಕೆಡುತ್ತದೆ, ಕುಡಿದರೆ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ರಕ್ತನಾಳಕ್ಕೆ ಚುಚ್ಚಿದರೆ ಅದು ಪೂರ್ತಿ ಬೇರೆಯದೇ ವಸ್ತು. ಸಾವಿರ ವರ್ಷದ ಬಳಕೆ ಎಂಬ ಭರವಸೆ ಆ ಚುಚ್ಚುಮದ್ದಿಗೆ ಅನ್ವಯಿಸುತ್ತಲೇ ಇರಲಿಲ್ಲ.

ಮೂಲಿಕೆ ಮಾತ್ರೆಗಳ ಕಥೆ ಅಷ್ಟು ಭೀಕರವಲ್ಲ, ಆಶಾದಾಯಕವೂ ಅಲ್ಲ. 1999ರಲ್ಲಿ ಪ್ರಕಟವಾದ ಸ್ವಿಸ್ ಅಧ್ಯಯನದಲ್ಲಿ 68 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ 35 ಮೂಲಿಕೆಗಳ ಮಾತ್ರೆ, ಇನ್ನೊಂದಕ್ಕೆ ಹುಸಿಮಾತ್ರೆ ಕೊಟ್ಟರು. ದಿನಕ್ಕೆ ನಾಲ್ಕು ಸಲ ಏಳೇಳು ಮಾತ್ರೆ, ಆರು ತಿಂಗಳು. ವೈರಸ್ ಪ್ರಮಾಣದಲ್ಲಾಗಲಿ ಸಿಡಿ-4ರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ, ಮೂಲಿಕೆ ತಿಂದವರಲ್ಲೇ ಭೇದಿ, ಹೊಟ್ಟೆನೋವು ಹೆಚ್ಚು. ಎಲ್ಲರಿಗೂ ಒಂದೇ ಮಾತ್ರೆ ಕೊಡುವುದು ನಮ್ಮ ಶಾಸ್ತ್ರವೇ ಅಲ್ಲ ಎಂದು ಚೀನೀ ವೈದ್ಯರು ಆಕ್ಷೇಪಿಸಿದರೆ ಅದರಲ್ಲಿ ನ್ಯಾಯವಿದೆ. ಆದರೆ ಸಿದ್ಧಮಾತ್ರೆಯನ್ನೇ ಡಬ್ಬಿಯಲ್ಲಿಟ್ಟು ಮಾರುವವರು ಈ ಆಕ್ಷೇಪದ ಹಿಂದೆ ನಿಲ್ಲುವಂತಿಲ್ಲ.

ಚೀನಾದೊಳಗೆ ಸಂಕಟ ಸ್ಫೋಟಿಸಿದ್ದು ಹೆನಾನ್ ಪ್ರಾಂತ್ಯದಲ್ಲಿ. 1990ರ ದಶಕದಲ್ಲಿ ಬಡ ರೈತರು ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಮಾರುತ್ತಿದ್ದರು. ಸಂಗ್ರಹ ಕೇಂದ್ರಗಳಲ್ಲಿ ಒಂದೇ ರಕ್ತಗುಂಪಿನ ಹಲವರ ರಕ್ತವನ್ನು ಬೆರೆಸಿ, ಪ್ಲಾಸ್ಮಾ ತೆಗೆದುಕೊಂಡು, ಉಳಿದ ಕೆಂಪುಕಣವನ್ನು ಮರಳಿ ಅವರಿಗೇ ಏರಿಸುತ್ತಿದ್ದರು. ಒಬ್ಬರ ವೈರಸ್ ಎಲ್ಲರಿಗೂ ಹಂಚಿಹೋಯಿತು. ಶಾಂಗ್‌ಸಾಯ್ ಕೌಂಟಿಯ ವೆನ್‌ಲೌ ಹಳ್ಳಿಯ ಹೆಸರು ಹೀಗೆ ಜಗತ್ತಿಗೆ ಗೊತ್ತಾಯಿತು. ಸತ್ಯ ಹೊರಗೆಳೆದ ವೈದ್ಯೆ ಗಾವೊ ಯಾವೊಜಿಯೆ ಕೊನೆಗೆ ದೇಶ ಬಿಟ್ಟು, 2023ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು.

2003ರಲ್ಲಿ ಸರ್ಕಾರ ಉಚಿತ ಔಷಧ ಘೋಷಿಸಿತು. ಆಗ ಸಿಕ್ಕಿದ್ದ ಡಿಡನೊಸಿನ್, ಸ್ಟಾವುಡಿನ್‌ನಂಥ ಮಾತ್ರೆಗಳಿಂದ ವಾಕರಿಕೆ, ಕಾಲುರಿ ಜೋರಾಗಿ, ಹಲವರು ಅರ್ಧದಲ್ಲೇ ಬಿಟ್ಟರು. ಆ ಖಾಲಿ ಜಾಗಕ್ಕೆ 2004ರಲ್ಲಿ ಬಂದದ್ದೇ ಸಾಂಪ್ರದಾಯಿಕ ಚಿಕಿತ್ಸೆಯ ಸರ್ಕಾರಿ ಯೋಜನೆ. ಹೆನಾನ್, ಹೆಬೇಯ್, ಆನ್‌ಹುಯ್, ಹುಬೇಯ್, ಗ್ವಾಂಗ್‌ಡಾಂಗ್‌ನಲ್ಲಿ ಶುರುವಾಗಿ ಮುಂದೆ 19 ಪ್ರಾಂತ್ಯಗಳಿಗೆ ಹರಡಿತು. ದಣಿವು, ಭೇದಿ, ಜ್ವರ ತಗ್ಗಿಸುವುದೇ ಅದರ ಮುಖ್ಯ ಕೆಲಸವಾಗಿತ್ತು.

ಭೇದಿಗೆ ಕೊಡುವ 'ಷೆನ್ ಲಿಂಗ್ ಬಾಯ್ ಝು ಸಾನ್' ನೋಡಿ. ಸಾಂಗ್ ಕಾಲದ ಈ ಪುಡಿಯಲ್ಲಿ ಜಿನ್ಸೆಂಗ್ ಜೊತೆ ತಾವರೆಬೀಜ, ಅತಿಮಧುರ, ಮತ್ತು ಬಿಳಿ ಅವರೆಕಾಳು ಇದೆ, ನಮ್ಮ ಸಾರಿನ ಅವರೆಯೇ. ಬೆಳಗಿನ ಜಾವವೇ ಎಬ್ಬಿಸುವ ಭೇದಿಯಾದರೆ ಬಾವಂಚಿ, ಜಾಜಿಕಾಯಿ ಸೇರಿದ ಬೇರೆ ಗುಳಿಗೆ. ಕಷಾಯವಾದರೆ ಮಣ್ಣಿನ ಅಥವಾ ಪಿಂಗಾಣಿ ಪಾತ್ರೆಯಲ್ಲಿ ಅರ್ಧ ಗಂಟೆ ನೆನೆಹಾಕಿ, ಮೂಲಿಕೆಯ ಮೇಲೆ ಎರಡು ಬೆರಳು ನೀರು ನಿಲ್ಲಿಸಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಸೋಸಿ, ಮತ್ತೆ ನೀರು ಹಾಕಿ ಇಪ್ಪತ್ತು ನಿಮಿಷ. ಎರಡನ್ನೂ ಬೆರೆಸಿ ಎರಡು ಹೊತ್ತಿಗೆ ಕುಡಿಯುವುದು. 'ಫುಝಿ' ಎಂಬ ವತ್ಸನಾಭಿ ಜಾತಿಯ ಬೇರಿದ್ದರೆ ಅದನ್ನು ಮೊದಲೇ ಒಂದು ಗಂಟೆಗೂ ಹೆಚ್ಚು ಬೇರೆಯಾಗಿ ಕುದಿಸಬೇಕು. ಅವಸರ ಮಾಡಿದರೆ ಮೊದಲು ತುಟಿ ನಾಲಿಗೆ ಜೋಮು ಹಿಡಿಯುತ್ತದೆ, ಆಮೇಲೆ ಹೃದಯದ ಬಡಿತವೇ ತಪ್ಪುತ್ತದೆ.

ಸಿಡಿ-4 ಎಷ್ಟೇ ಇರಲಿ, ಸೋಂಕು ಗೊತ್ತಾದ ಕೂಡಲೇ ಎಆರ್‌ಟಿ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮೇಲೆ, ಮಾತ್ರೆ ಶುರುವಾಗುವವರೆಗೆ ಕಷಾಯ ಎಂಬ ಹಳೆಯ ಪಾತ್ರವೂ ಮುಗಿಯಿತು. ಉಳಿದಿರುವುದು ವೈರಸ್ ಹತೋಟಿಗೆ ಬಂದರೂ ಸಿಡಿ-4 ಮೇಲೇರದ ರೋಗಿಗಳ ಪ್ರಶ್ನೆ. ಬೀಜಿಂಗ್‌ನ ಪೀಕಿಂಗ್ ಯೂನಿಯನ್ ಆಸ್ಪತ್ರೆಯ ವೈದ್ಯರು ಇವರಿಗೆ 'ಲೇಯ್ ಗಾಂಗ್ ಟೆಂಗ್' ಎಂಬ ಬಳ್ಳಿಯ ಸಾರವನ್ನು ಸಣ್ಣ ಅಧ್ಯಯನದಲ್ಲಿ ಕೊಟ್ಟು ನೋಡಿದ್ದಾರೆ. ಅತಿಯಾಗಿ ಕೆರಳಿದ ರೋಗನಿರೋಧಕ ವ್ಯವಸ್ಥೆಯನ್ನು ತಣಿಸುವುದು ಉದ್ದೇಶ. ಆ ಬಳ್ಳಿ ಯಕೃತ್ತಿಗೆ, ಮೂತ್ರಪಿಂಡಕ್ಕೆ, ಸಂತಾನಶಕ್ತಿಗೆ ವಿಷ. ಮನೆಯಲ್ಲಿ ಕುದಿಸುವ ಮದ್ದಲ್ಲ.

ಎಆರ್‌ಟಿ ಜೊತೆ ಮೂಲಿಕೆ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚಾಗಿ ಬರುವುದು ಹೆಸರಿನ ಗೊಂದಲದಿಂದ. 'ಫಾಂಗ್‌ಜಿ' ಮೂಲಿಕೆಯ ಬದಲು ಅದೇ ಹೆಸರು ಹೊತ್ತ ಅರಿಸ್ಟೊಲೊಕಿಯಾ ಬೇರು ಸೇರಿಹೋಗಿ, 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಹೋದ ಹಲವರ ಮೂತ್ರಪಿಂಡ ಕೆಟ್ಟಿತು. ಟೆನೊಫೊವಿರ್ ಎಂಬ ಎಚ್‌ಐವಿ ಔಷಧ ನುಂಗುವವರ ಮೂತ್ರಪಿಂಡದ ಮೇಲೆ ಮೊದಲೇ ಹೊರೆಯಿದೆ. ಬೆಳ್ಳುಳ್ಳಿ ಮಾತ್ರೆ ಸಕ್ವಿನಾವಿರ್ ಎಂಬ ಎಚ್‌ಐವಿ ಔಷಧದ ರಕ್ತಮಟ್ಟವನ್ನು ಅರ್ಧಕ್ಕೆ ಇಳಿಸಿದ ದಾಖಲೆಯಿದೆ. ಅತಿಮಧುರ ಹೆಚ್ಚಾದರೆ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರುತ್ತದೆ. ಆದ್ದರಿಂದ ಎಆರ್‌ಟಿ ಕೇಂದ್ರಕ್ಕೆ ಹೋಗುವಾಗ ಮೂಲಿಕೆಯ ಪೊಟ್ಟಣವನ್ನೇ ಕೈಯಲ್ಲಿ ಹಿಡಿದು ಹೋಗಿ, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಮತ್ತು ಯಕೃತ್ತಿನ ಪರೀಕ್ಷೆಯನ್ನು ಮೂಲಿಕೆ ಶುರುಮಾಡುವ ಮುಂಚೆಯೂ ಆಮೇಲೂ ಮಾಡಿಸಬೇಕು.