ಉಪನಗರ ರೈಲು ಬಂದರೆ ಕೆಜಿಎಫ್ ಚೇತರಿಸಿಕೊಳ್ಳುತ್ತದಾ?

ಓದುಗರ ಪ್ರಶ್ನೆ: ಬೆಂಗಳೂರಿನ ಉಪನಗರ ರೈಲನ್ನು ಬಂಗಾರಪೇಟೆ, ಕೆಜಿಎಫ್‌ವರೆಗೂ ತನ್ನಿ ಅಂತ ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ನಿಜವಾಗಲೂ ಬಂದರೆ ಊರಿಗೆ ಒಳ್ಳೆಯದಾಗುತ್ತದಾ? ಇಲ್ಲ, ಈಗ ಇರುವ ಜನವೂ ಬೆಂಗಳೂರಿಗೆ ಹೊರಟುಬಿಡುತ್ತಾರಾ?

ಉತ್ತರ: ಒಳ್ಳೆಯದಾಗುತ್ತದೆ. ಆದರೆ ಮೊದಲು ಒಳ್ಳೆಯದಾಗುವುದು ಮನೆಗಳಿಗೆ. ಊರಿಗೂ ಆಗಬೇಕು ಅಂದರೆ ರೈಲು ಯಾವ ಹೊತ್ತಿಗೆ ಓಡುತ್ತದೆ, ದಿನಕ್ಕೆ ಎಷ್ಟು ಸಲ ಓಡುತ್ತದೆ, ಯಾವ ಕಡೆಗೆ ಓಡುತ್ತದೆ ಅನ್ನೋದು ಮುಖ್ಯ. ಇದನ್ನೆಲ್ಲ ಬಿಟ್ಟು ಬರೀ ‘ಉಪನಗರ ರೈಲು ಬೇಕು’ ಅಂತ ಕೇಳಿದರೆ, ಹೆಸರಿಗೆ ಒಂದು ರೈಲು ಕೊಟ್ಟು ಕೈತೊಳೆದುಕೊಂಡಾರು ಅನ್ನೋ ಭಯ ನನಗಿದೆ.

ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರುವುದು ಕೆಜಿಎಫ್‌ನವರಿಗೆ ಹೊಸದಲ್ಲ. ಬಂಗಾರಪೇಟೆಯಿಂದ ಕೆಜಿಎಫ್‌ನ ತುದಿಯ ಮಾರಿಕುಪ್ಪಂವರೆಗಿನ ಸುಮಾರು 16 ಕಿ.ಮೀ. ಕವಲು ಹಳಿ ಬಂದಿದ್ದು 1894ರಲ್ಲಿ. ಆಗ ಬಂಗಾರಪೇಟೆಗೆ ಬೌರಿಂಗ್‌ಪೇಟೆ ಅಂತ ಹೆಸರಿತ್ತು. ಹಳಿ ಹಾಕಿದ್ದೇ ಚಿನ್ನದ ಗಣಿಗೋಸ್ಕರ, ಕೆಜಿಎಫ್ ಅಂದರೆ ಅದೇ ಕೋಲಾರ್ ಗೋಲ್ಡ್ ಫೀಲ್ಡ್ಸ್. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋಗಿದ್ದು ಈ ಊರಿಗೆ. ಬೆಂಗಳೂರಿಗೆ ಬಂದಿದ್ದು ಮೂರು ವರ್ಷ ಆದಮೇಲೆ. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಸಾವಿರಾರು ಜನ ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದರು. 2001ರ ಫೆಬ್ರವರಿ 28ಕ್ಕೆ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಬಾಗಿಲು ಹಾಕಿತು. ಆಮೇಲೆ ಅದೇ ಹಳಿ ಮೇಲೆ ಜನ ಉಲ್ಟಾ ದಿಕ್ಕಿಗೆ ಹೊರಟರು.

ಬೆಳಗಿನ ಜಾವ ಮಾರಿಕುಪ್ಪಂ ಸ್ಟೇಷನ್‌ಗೆ ಹೋಗಿ ನೋಡಿ. ಇನ್ನೂ ಕತ್ತಲಿರುತ್ತದೆ. ರೈಲಿನೊಳಗೆ ಆಗಲೇ ಕರ್ಚೀಫು, ಟಿಫನ್ ಬ್ಯಾಗು ಇಟ್ಟು ಸೀಟು ಹಿಡಿದಿರುತ್ತಾರೆ. ಮುಂದೆ ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬಿಇಎಂಎಲ್ ನಗರ. ಪ್ರತಿ ಸ್ಟೇಷನ್‌ನಲ್ಲೂ ಒಂದಷ್ಟು ಜನ ಹತ್ತುತ್ತಾರೆ. ಬಂಗಾರಪೇಟೆ ಬರುವಷ್ಟರಲ್ಲಿ ನಿಲ್ಲೋಕೂ ಜಾಗ ಇರೋದಿಲ್ಲ. ಸೆಕ್ಯೂರಿಟಿ ಗಾರ್ಡುಗಳು, ಗಾರ್ಮೆಂಟ್ಸ್‌ಗೆ ಹೋಗೋ ಹೆಂಗಸರು, ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡೋರು, ಕಾಲೇಜು ಹುಡುಗರು, ಪೇಂಟಿಂಗ್ ಕೆಲಸದವರು ಎಲ್ಲರೂ ಇರುತ್ತಾರೆ. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಬೆಂಚಿನ ಮೇಲೆ. ಸಂಜೆ ವಾಪಸ್ ಬರುವಾಗ ಕೆಲವು ಹೆಂಗಸರು ಕೂತಲ್ಲೇ ಅವರೆಕಾಯಿ ಸುಲಿದು, ಸೊಪ್ಪು ಬಿಡಿಸಿ ಇಟ್ಟುಕೊಳ್ಳುತ್ತಾರೆ. ಮನೆ ಮುಟ್ಟಿದ ತಕ್ಷಣ ಒಲೆ ಹಚ್ಚಬೇಕಲ್ವಾ?

ಮಾರಿಕುಪ್ಪಂನಿಂದ ಬೆಂಗಳೂರು ಸಿಟಿ ಸ್ಟೇಷನ್ ಸುಮಾರು 86 ಕಿ.ಮೀ. ಲೋಕಲ್ ರೈಲಿನಲ್ಲಿ ಎರಡು ಗಂಟೆ ಸುಮ್ನೆ ಹೋಗುತ್ತದೆ. ಹೋಗಿ ಬರೋಕೆ ದಿನದಲ್ಲಿ ನಾಲ್ಕು ಗಂಟೆ. ಅದರ ಮೇಲೆ ಸ್ಟೇಷನ್‌ನಿಂದ ಕೆಲಸದ ಜಾಗಕ್ಕೆ ಬಸ್ಸೋ ನಡಿಗೆಯೋ. ಆದರೂ ಜನ ಯಾಕೆ ಹೋಗುತ್ತಾರೆ? ಲೆಕ್ಕ ಸಲೀಸು. ಸಾವಿರಾರು ಕುಟುಂಬಗಳು ಇವತ್ತಿಗೂ ಗಣಿ ಕಾಲದಲ್ಲಿ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲೇ ಇವೆ. ಬೆಂಗಳೂರಿನಲ್ಲಿ ಒಂದು ರೂಮಿನ ಮನೆಗೂ ಅಡ್ವಾನ್ಸು, ಬಾಡಿಗೆ, ನೀರಿನ ಟ್ಯಾಂಕರ್ ಅಂತ ಸಂಬಳದ ಅರ್ಧ ಕರಗುತ್ತದೆ. ರೈಲಿನ ತಿಂಗಳ ಪಾಸಿಗೆ ಆಗೋ ಖರ್ಚು ಅದರ ಮುಂದೆ ಏನೂ ಅಲ್ಲ. ಬೆಂಗಳೂರಿನ ಸಂಬಳ, ಕೆಜಿಎಫ್‌ನ ಮನೆ ಖರ್ಚು. ಇಪ್ಪತ್ತು ವರ್ಷಕ್ಕೂ ಮೇಲೆ ಎಷ್ಟೋ ಮನೆಗಳಲ್ಲಿ ಒಲೆ ಉರಿದಿದ್ದು ಈ ವ್ಯತ್ಯಾಸದ ಮೇಲೆ. 2020ರ ಲಾಕ್‌ಡೌನ್‌ನಲ್ಲಿ ರೈಲು ನಿಂತಾಗ ಇದು ಎಲ್ಲರಿಗೂ ಗೊತ್ತಾಯಿತು. ಆಫೀಸು, ಫ್ಯಾಕ್ಟರಿಗಳು ಬಾಗಿಲು ತೆರೆದ ಮೇಲೂ ಲೋಕಲ್ ರೈಲು ಬರಲಿಲ್ಲ. ಕೊನೆಗೆ ಬಂದಾಗ ‘ಸ್ಪೆಷಲ್’ ಅಂತ ಹೆಸರಿಟ್ಟುಕೊಂಡು ಬಂತು, ಹತ್ತು ರೂಪಾಯಿ ಇದ್ದ ಕನಿಷ್ಠ ಟಿಕೆಟ್ ಮೂವತ್ತಾಯಿತು. ಹಳೆ ದರ ಮತ್ತೆ ಬಂದಿದ್ದು 2024ರಲ್ಲಿ. ದಿನಗೂಲಿಯವರಿಗೆ ಇದು ಸಣ್ಣ ಮಾತಲ್ಲ.

ಹಾಗಾಗಿ ರೈಲಿನಿಂದ ಜನ ಊರು ಬಿಡುತ್ತಾರೆ ಅನ್ನೋ ಭಯಕ್ಕೆ ಕೆಜಿಎಫ್‌ನಲ್ಲಿ ಆಧಾರ ಕಾಣೋದಿಲ್ಲ. ಇಲ್ಲಿ ಆಗಿರೋದು ಅದರ ಉಲ್ಟಾ. ಕೆಲಸ ಮೊದಲೇ ಹೋಗಿತ್ತು. ರೈಲು ಇದ್ದದ್ದರಿಂದ ಜನ ಉಳಿದುಕೊಂಡರು.

ಆದರೆ ಪ್ರಶ್ನೆಯ ಇನ್ನೊಂದು ಅರ್ಧ ಕಷ್ಟದ್ದು. ರೈಲು ಮನೆಗಳನ್ನು ಉಳಿಸಿತು, ಊರನ್ನು ಎತ್ತಲಿಲ್ಲ. ಬೆಳಿಗ್ಗೆ ಕತ್ತಲಲ್ಲಿ ಹೋಗಿ ರಾತ್ರಿ ಕತ್ತಲಲ್ಲಿ ಬರೋ ಮನುಷ್ಯ ಊರಿನಲ್ಲಿ ಏನು ತಗೊಳ್ಳುತ್ತಾನೆ? ಬಟ್ಟೆ, ಚಪ್ಪಲಿ, ಮೊಬೈಲು ಎಲ್ಲ ಕೆ.ಆರ್. ಪುರದಲ್ಲೋ ಮೆಜೆಸ್ಟಿಕ್‌ನಲ್ಲೋ ಆಗಿಬಿಡುತ್ತದೆ. ರಾಬರ್ಟ್‌ಸನ್‌ಪೇಟೆಯ ಎಂ.ಜಿ. ಮಾರ್ಕೆಟ್‌ಗೆ ಉಳಿಯೋದು ದಿನಸಿ, ತರಕಾರಿ, ಭಾನುವಾರದ ಮಾಂಸ. ವಾರದ ಆರು ದಿನ ಮಕ್ಕಳು, ವಯಸ್ಸಾದವರು ಮಾತ್ರ ಇರೋ ಊರಿನಲ್ಲಿ ಹೊಸ ಅಂಗಡಿ ಹಾಕೋಕೆ ಯಾರಿಗೆ ಧೈರ್ಯ ಬರುತ್ತದೆ? 1964ರಲ್ಲಿ ಹುಟ್ಟಿದ, ಭಾರಿ ಯಂತ್ರ ಮಾಡೋ ಬಿಇಎಂಎಲ್ ಕಂಪನಿಯ ಕಾರ್ಖಾನೆ ಇವತ್ತಿಗೂ ಅಲ್ಲಿದೆ. ಆದರೆ ಗಣಿ ಕೊಡುತ್ತಿದ್ದಷ್ಟು ಕೆಲಸವನ್ನು ಒಂದೇ ಕಾರ್ಖಾನೆ ಕೊಡೋಕಾಗೋದಿಲ್ಲ.

ಈಗ ಉಪನಗರ ಯೋಜನೆಗೆ ಬರೋಣ. ಕೇಂದ್ರ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು 2020ರಲ್ಲಿ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ನಾಲ್ಕು ಮಾರ್ಗ, ಒಟ್ಟು 148 ಕಿ.ಮೀ., 15,767 ಕೋಟಿ ರೂಪಾಯಿ ಅಂದಾಜು. ಶಂಕುಸ್ಥಾಪನೆ ಆಗಿದ್ದು 2022ರ ಜೂನ್‌ನಲ್ಲಿ. ಪೂರ್ವದ ಕಡೆ ಬರೋದು ಕೆಂಗೇರಿ–ವೈಟ್‌ಫೀಲ್ಡ್ ನಡುವಿನ ಪಾರಿಜಾತ. ಯೋಜನೆ ವೈಟ್‌ಫೀಲ್ಡ್‌ನಲ್ಲೇ ನಿಲ್ಲುತ್ತದೆ. ಅಲ್ಲಿಂದ ಬಂಗಾರಪೇಟೆಗೆ ಇನ್ನೂ 47 ಕಿ.ಮೀ., ಮಾರಿಕುಪ್ಪಂಗೆ 63.

ಒಪ್ಪಿಗೆಯ ಅಂದಾಜನ್ನೇ ಹಿಡಿದರೆ ಒಂದು ಕಿಲೋಮೀಟರ್‌ಗೆ ನೂರು ಕೋಟಿಗೂ ಮೇಲೆ. ಅದೇ ದರದಲ್ಲಿ 63 ಕಿ.ಮೀ. ಹೊಸ ಹಳಿ ಅಂದರೆ 6,700 ಕೋಟಿ ದಾಟುತ್ತದೆ. ಊರಾಚೆ ಮೇಲ್ಸೇತುವೆ ಕಮ್ಮಿ, ಜಾಗ ಅಗ್ಗ, ಅಷ್ಟು ಆಗಲಿಕ್ಕಿಲ್ಲ. ಅರ್ಧ ಅಂದರೂ ಮೂರು ಸಾವಿರ ಕೋಟಿ. ಅಷ್ಟು ದುಡ್ಡಿಗೆ ಕಾದು ಕೂತರೆ ಇನ್ನೊಂದು ತಲೆಮಾರು ಕಳೆದುಹೋಗುತ್ತದೆ. ‘ಉಪನಗರ ರೈಲು’ ಅನ್ನೋ ಹೆಸರಿಗೆ ಅಂಟಿಕೊಳ್ಳಬೇಡಿ ಅಂತ ನಾನು ಹೇಳೋದು ಇದಕ್ಕೇ. ಇರೋ ಹಳಿ ಮೇಲೆ ಮೆಮು, ಅಂದರೆ ಕರೆಂಟಿನಲ್ಲಿ ಓಡೋ ಲೋಕಲ್ ರೈಲು, ಈಗಾಗಲೇ ಓಡುತ್ತಿದೆ. ಬೇಕಾಗಿರೋದು ಇನ್ನಷ್ಟು ಮೆಮು, ಅವಕ್ಕೆ ದಾರಿ.

ದಾರಿಯ ಸಮಸ್ಯೆ ಎರಡು ಕಡೆ ಇದೆ. ಬಂಗಾರಪೇಟೆ–ಮಾರಿಕುಪ್ಪಂ ನಡುವೆ ಒಂದೇ ಹಳಿ. ಒಂದು ರೈಲು ಒಳಗಿದ್ದರೆ ಇನ್ನೊಂದು ಕಾಯಬೇಕು. ಬಂಗಾರಪೇಟೆ ದಾಟಿದ ಮೇಲೆ ಚೆನ್ನೈ–ಬೆಂಗಳೂರು ಮುಖ್ಯ ಮಾರ್ಗ. ಎರಡು ಹಳಿ ಇದ್ದರೂ ಶತಾಬ್ದಿ, ವಂದೇ ಭಾರತ್, ರಾತ್ರಿ ಮೇಲ್‌ಗಳು, ಗೂಡ್ಸ್ ಎಲ್ಲ ಅದರ ಮೇಲೇ. ಎಕ್ಸ್‌ಪ್ರೆಸ್ ಹಿಂದೆ ಬರುತ್ತಿದ್ದರೆ ಲೋಕಲ್ ಅನ್ನು ಪಕ್ಕದ ಹಳಿಗೆ ಹಾಕಿ ನಿಲ್ಲಿಸುತ್ತಾರೆ. ದೇವನಗೊಂದಿ ಹತ್ತಿರ ರೈಲು ನಿಂತರೆ ಡಬ್ಬಿಯಲ್ಲಿರೋ ಎಲ್ಲರ ಕಣ್ಣೂ ವಾಚಿನ ಮೇಲೆ ಹೋಗುತ್ತದೆ. ಪಂಚಿಂಗ್ ಹತ್ತು ನಿಮಿಷ ತಡವಾದರೂ ಅರ್ಧ ದಿನದ ಕೂಲಿ ಕತ್ತರಿಸೋ ಕಂಪನಿಗಳಿವೆ. ಕಂಟೋನ್ಮೆಂಟ್–ವೈಟ್‌ಫೀಲ್ಡ್ ನಡುವೆ ನಾಲ್ಕು ಹಳಿ ಮಾಡೋ ಕೆಲಸ ನಡೆಯುತ್ತಿದೆ. ಅದನ್ನು ಬಂಗಾರಪೇಟೆವರೆಗೆ ಎಳೆದರೆ ಕೆಜಿಎಫ್‌ಗೆ ಆಗೋ ಉಪಕಾರ ಯಾವ ಹೊಸ ಯೋಜನೆಗಿಂತಲೂ ದೊಡ್ಡದು.

ಇನ್ನು ಹೊತ್ತಿನ ಮಾತು. ಬೆಳಿಗ್ಗೆ ಬೆಂಗಳೂರಿನ ಕಡೆ, ಸಂಜೆ ಕೆಜಿಎಫ್ ಕಡೆ ಅನ್ನೋ ಲೆಕ್ಕದ ಮೇಲೆ ರೈಲು ಓಡಿಸಿದರೆ ಜನರಲ್ ಶಿಫ್ಟಿನವರಿಗೆ ಮಾತ್ರ ಅನುಕೂಲ. ವೈಟ್‌ಫೀಲ್ಡ್‌ನ ಆಫೀಸೊಂದರಲ್ಲಿ ಹೌಸ್‌ಕೀಪಿಂಗ್ ಮಾಡೋ ಹೆಣ್ಣುಮಗಳನ್ನು ತಗೊಳ್ಳಿ. ಮಧ್ಯಾಹ್ನದ ಶಿಫ್ಟಿಗೆ ಸಂಬಳ ಸ್ವಲ್ಪ ಜಾಸ್ತಿ. ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೂ ಕಳಿಸಬಹುದು. ಆದರೆ ರಾತ್ರಿ ಶಿಫ್ಟು ಬಿಡೋ ಹೊತ್ತಿಗೆ ಊರಿಗೆ ರೈಲು ಇಲ್ಲದಿದ್ದರೆ ಅವಳು ಆ ಕೆಲಸ ಹಿಡಿಯೋ ಹಾಗೇ ಇಲ್ಲ. ಮಗುವಿಗೆ ಜ್ವರ ಅಂತ ಸ್ಕೂಲಿನಿಂದ ಫೋನ್ ಬಂದರೆ ಮಧ್ಯಾಹ್ನ ವಾಪಸ್ ಬರೋಕೂ ಅದೇ ಕಷ್ಟ. ಎಂಥ ಕೆಲಸಕ್ಕೆ ಸೇರಬಹುದು ಅನ್ನೋದನ್ನು ಓದು ಅಲ್ಲ, ಟೈಮ್‌ಟೇಬಲ್ ನಿರ್ಧರಿಸುತ್ತದೆ. ನನ್ನ ಪ್ರಕಾರ ಒಂದು ದೊಡ್ಡ ಹೊಸ ರೈಲಿಗಿಂತ ಬೆಳಿಗ್ಗೆಯಿಂದ ರಾತ್ರಿವರೆಗೆ ಗಂಟೆಗೊಂದು ಸಣ್ಣ ರೈಲು ಎಷ್ಟೋ ಮೇಲು.

ಇಂಗ್ಲೆಂಡಿನ ಆಶಿಂಗ್ಟನ್ ಕೂಡ ಕೆಜಿಎಫ್ ಥರದ್ದೇ ಊರು. ಕಲ್ಲಿದ್ದಲು ಗಣಿ 1988ರಲ್ಲಿ ಮುಚ್ಚಿತು. ಪ್ಯಾಸೆಂಜರ್ ರೈಲು ಅದಕ್ಕೂ ಮೊದಲೇ, 1964ರಲ್ಲಿ ನಿಂತಿತ್ತು. 2024ರ ಡಿಸೆಂಬರ್‌ನಲ್ಲಿ ಅಲ್ಲಿಂದ ನ್ಯೂಕಾಸಲ್‌ಗೆ ಮತ್ತೆ ರೈಲು ಶುರು ಮಾಡಿದರು. ಗೂಡ್ಸ್ ಓಡುತ್ತಿದ್ದ ಹಳೇ ಹಳಿಯನ್ನೇ ರಿಪೇರಿ ಮಾಡಿದರು, ಹಗಲೆಲ್ಲ ಅರ್ಧ ಗಂಟೆಗೊಂದು ರೈಲು ಇಟ್ಟರು. ಊರಿನ ಅಂಗಡಿ ಬೀದಿ ಚೇತರಿಸಿಕೊಂಡಿತು ಅಂತ ಹೇಳೋಕೆ ಇನ್ನೂ ಬೇಗ. ಆದರೆ ಬೆಳಿಗ್ಗೆ, ಸಂಜೆಯ ಪೀಕ್ ಹೊತ್ತಿಗೆ ಎರಡು ರೈಲು ಬಿಟ್ಟು ಮುಗಿಸಲಿಲ್ಲ, ಅದನ್ನು ಗಮನಿಸಬೇಕು.

ರೈಲಿನ ಲಾಭ ಹತ್ತಿರದ ಊರಿಗೆ ಮೊದಲು ಸಿಗುತ್ತದೆ, ಇದನ್ನೂ ಮುಚ್ಚಿಡಬಾರದು. ಓಡಾಟ ಜಾಸ್ತಿಯಾದರೆ ಸೈಟಿನ ಬೆಲೆ ಮೊದಲು ಏರೋದು ಮಾಲೂರಿನಲ್ಲಿ, ಆಮೇಲೆ ಟೇಕಲ್, ಬಂಗಾರಪೇಟೆಯಲ್ಲಿ. ಕವಲಿನ ತುದಿಯಲ್ಲಿರೋ ಮಾರಿಕುಪ್ಪಂಗೆ ಬರುವಷ್ಟರಲ್ಲಿ ಅದು ತೆಳುವಾಗಿರುತ್ತದೆ. ಹೊಸ ರೈಲುಗಳನ್ನು ಬಂಗಾರಪೇಟೆಯಲ್ಲೇ ನಿಲ್ಲಿಸಿ ‘ಅಲ್ಲಿಂದ ಆಟೋ ಹಿಡಿಯಿರಿ’ ಅಂದರಂತೂ ಕೆಜಿಎಫ್‌ಗೆ ಏನೂ ಉಳಿಯೋದಿಲ್ಲ. ಆ 16 ಕಿ.ಮೀ. ವಿಷಯದಲ್ಲಿ ರಾಜಿ ಬೇಡ.

ಊರು ಎದ್ದು ನಿಲ್ಲಬೇಕಾದರೆ ಬೆಳಗಿನ ರೈಲು ಕೆಜಿಎಫ್ ಕಡೆಗೂ ಜನರನ್ನು ತರಬೇಕು. ಈಗ ಹಾಗೆ ಬರೋಕೆ ಕಾರಣವೇ ಕಮ್ಮಿ. ಜಿಲ್ಲೆಯ ಹೊಸ ಕಾರ್ಖಾನೆಗಳು ಬಂದಿದ್ದು ನರಸಾಪುರ, ವೇಮಗಲ್ ಕಡೆ. ನರಸಾಪುರದಲ್ಲಿ ಹೋಂಡಾ ಸ್ಕೂಟರ್ ಫ್ಯಾಕ್ಟರಿ ಇದೆ, ಈಗ ಟಾಟಾ ಕೈಯಲ್ಲಿರೋ ಐಫೋನ್ ಜೋಡಿಸೋ ಘಟಕ ಇದೆ. ಅವು ಹೆದ್ದಾರಿ ಪಕ್ಕದವು, ರೈಲು ಮುಟ್ಟೋದಿಲ್ಲ, ಕಂಪನಿ ಬಸ್ಸೇ ಗತಿ. ಬೇತಮಂಗಲದ ಹತ್ತಿರ ಹಾದುಹೋಗೋ ಚೆನ್ನೈ ಎಕ್ಸ್‌ಪ್ರೆಸ್‌ವೇ ಬಂದಮೇಲೆ ಲಾರಿ ಓಡಾಟಕ್ಕೆ ಕೆಜಿಎಫ್ ದೂರದ ಊರಲ್ಲ. ಗಣಿ ಕಂಪನಿಯ ಹೆಸರಿನಲ್ಲಿ ಸಾವಿರಾರು ಎಕರೆ ಸುಮ್ನೆ ಬಿದ್ದಿದೆ. ಅದರಲ್ಲಿ ಸೈನೈಡ್ ಗುಡ್ಡಗಳ (ಚಿನ್ನ ತೆಗೆದಮೇಲೆ ಉಳಿದ ಮಣ್ಣಿನ ರಾಶಿಗಳ) ಜಾಗ ಬಿಟ್ಟು, ಸ್ಟೇಷನ್‌ಗಳ ಹತ್ತಿರದ ಒಂದು ಭಾಗವನ್ನು ಕೈಗಾರಿಕೆಗೆ ಬಿಟ್ಟರೆ ನಡೆದು ಹೋಗೋ ದೂರದಲ್ಲಿ ಕೆಲಸ ಸಿಗುತ್ತದೆ. ಕೋರಮಂಡಲ್, ಊರ್ಗಾಂ, ಚಾಂಪಿಯನ್ ಎಲ್ಲ ಗಣಿ ಕೆಲಸಗಾರರಿಗೋಸ್ಕರ ಇದ್ದ ಸ್ಟೇಷನ್‌ಗಳೇ ಅಲ್ವಾ? ಈ ಜಮೀನಿನ ತೀರ್ಮಾನ ರೈಲ್ವೆಯ ಕೈಯಲ್ಲಿಲ್ಲ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕೂತು ಮಾಡಬೇಕು. ಕುಪ್ಪಂ–ಮಾರಿಕುಪ್ಪಂ ಹೊಸ ಮಾರ್ಗ ಮುಗಿದರೆ ಕೆಜಿಎಫ್ ಕವಲಿನ ತುದಿಯಾಗಿ ಉಳಿಯೋದಿಲ್ಲ, ಚೆನ್ನೈ ಕಡೆಗೂ ದಾರಿ ತೆರೆಯುತ್ತದೆ. ಆ ಕೆಲಸ ವರ್ಷಗಳಿಂದ ಕುಂಟುತ್ತಿದೆ.

ನಿಮ್ಮ ಕಡೆಯವರು ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೋ ಸಂಸದರಿಗೋ ಅರ್ಜಿ ಕೊಡುತ್ತೀರಾದರೆ ನಾನು ಹೀಗೆ ಬರೆಯುತ್ತೇನೆ. ಮಾರಿಕುಪ್ಪಂನಿಂದ ವೈಟ್‌ಫೀಲ್ಡ್‌ಗೆ ಬೆಳಿಗ್ಗೆಯಿಂದ ರಾತ್ರಿವರೆಗೆ ಗಂಟೆಗೊಂದು ಮೆಮು, ಎರಡೂ ದಿಕ್ಕಿಗೆ. ಎಲ್ಲವೂ ಸಿಟಿವರೆಗೆ ಹೋಗಬೇಕು ಅಂತ ಹಟ ಬೇಡ. 2023ರಿಂದ ವೈಟ್‌ಫೀಲ್ಡ್ ಸ್ಟೇಷನ್ ಪಕ್ಕದಲ್ಲೇ ನೇರಳೆ ಮಾರ್ಗದ ಮೆಟ್ರೋ ಇದೆ, ಇಳಿದು ಹತ್ತಬಹುದು. ಹಾಗೆ ಮಾಡಿದರೆ ಗಿಜಿಗುಡೋ ಕೆ.ಆರ್. ಪುರ–ಸಿಟಿ ಹಳಿ ಮೇಲೆ ದಾರಿ ಹುಡುಕೋ ತಲೆನೋವು ರೈಲ್ವೆಗೂ ತಪ್ಪುತ್ತದೆ, ‘ಜಾಗ ಇಲ್ಲ’ ಅನ್ನೋ ಉತ್ತರ ಕೊಡೋದೂ ಕಷ್ಟ. ಕವಲು ಹಳಿಯ ಮಧ್ಯೆ ಒಂದು ಕಡೆ ಎದುರುಬದುರು ಬರೋ ರೈಲುಗಳ ಕ್ರಾಸಿಂಗ್‌ಗೆ ಜಾಗ. ರಾತ್ರಿ ಶಿಫ್ಟು ಬಿಟ್ಟಮೇಲೆ ಒಂದು ರೈಲು, ಅದರಲ್ಲಿ ಮಹಿಳಾ ಬೋಗಿ, ಪೊಲೀಸ್. ಚಾಂಪಿಯನ್, ಊರ್ಗಾಂ, ಕೋರಮಂಡಲ್ ಪ್ಲಾಟ್‌ಫಾರ್ಮ್‌ಗಳಲ್ಲಿ ಸರಿಯಾದ ದೀಪ. ರೈಲು ಮತ್ತು ಮೆಟ್ರೋ ಎರಡಕ್ಕೂ ನಡೆಯೋ ಒಂದೇ ತಿಂಗಳ ಪಾಸ್.