ಬನ್ನಿಯ ಹುಲ್ಲುಗಾವಲಿಗೆ ಬಳ್ಳಾರಿ ಜಾಲಿ ಬಂದ ಕತೆ

ಬಳ್ಳಾರಿ ಜಾಲಿ ನಮಗೆ ಹೊಸದೇನಲ್ಲ. ಕೆರೆ ಅಂಗಳ, ರಸ್ತೆ ಬದಿ, ಬೀಳು ಹೊಲ, ಎಲ್ಲಿ ನೋಡಿದರೂ ಅದೇ. ಗುಜರಾತಿನ ಕಛ್ ಕಡೆ ಇದನ್ನು ಗಾಂಡೋ ಬಾವಳ್ ಅನ್ನುತ್ತಾರೆ. ಅಲ್ಲಿನ ಬನ್ನಿ ಹುಲ್ಲುಗಾವಲಿಗೆ ಇದನ್ನು ತಂದು ಹಾಕಿದ್ದು ಸರ್ಕಾರವೇ.

ಬನ್ನಿ ಅಂದರೆ ಸುಮಾರು 2,500 ಚದರ ಕಿಲೋಮೀಟರ್ ಸಪಾಟು ಸವುಳು ನೆಲ. ಉತ್ತರಕ್ಕೆ ದೊಡ್ಡ ರಣ್, ಅಂದರೆ ಉಪ್ಪಿನ ಮರುಭೂಮಿ. ಎಲ್ಲಿ ಯಾವ ಹುಲ್ಲು ಬೆಳೆಯಬೇಕು ಅನ್ನುವುದು ಇಲ್ಲಿ ಗೇಣೆತ್ತರದ ಏರುತಗ್ಗಿನ ಮೇಲೆ ನಿಂತಿದೆ. ನೀರು ನಿಂತು ಆರುವ ತಗ್ಗಿನಲ್ಲಿ ಉಪ್ಪು ಬೆಳ್ಳಗೆ ಮೇಲೇಳುತ್ತದೆ. ಅಲ್ಲಿ ದಪ್ಪ ಎಲೆಯ ಸುಯೇಡಾ ಗಿಡ, ನೆಲಕ್ಕಂಟಿ ಹಬ್ಬುವ ಏಲುರೋಪಸ್ ಹುಲ್ಲು. ಈ ಹುಲ್ಲಿನ ಎಲೆಯನ್ನು ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಹರಳು ಹೊಳೆಯುತ್ತವೆ. ಬೇರು ಹೀರಿದ ಉಪ್ಪನ್ನು ಎಲೆ ಹೊರಗೆ ತಳ್ಳಿರುತ್ತದೆ. ಮಳೆನೀರು ಉಪ್ಪನ್ನು ಕೆಳಗಿಳಿಸಿದ ದಿಬ್ಬದಲ್ಲಿ ಮಾತ್ರ ದನಗಳಿಗೆ ಇಷ್ಟವಾದ ಡೈಕಾಂಥಿಯಂ, ಸೆಂಕ್ರಸ್ ಹುಲ್ಲುಗಳು. ಒಳ್ಳೆ ಮಳೆಯಾದ ವರ್ಷ ಇವು ಕೆಳಗೂ ಹಬ್ಬುತ್ತವೆ, ಬರ ಬಿದ್ದರೆ ಹಿಂದೆ ಸರಿಯುತ್ತವೆ.

ಕಛ್‌ನ ಗುಡ್ಡಗಳಿಂದ ಇಳಿಯುವ ಹಳ್ಳಗಳು ಮೊದಲು ಬನ್ನಿಗೆ ಸಿಹಿನೀರು, ಮೆಕ್ಕಲು ತರುತ್ತಿದ್ದವು. ಅವಕ್ಕೆ ಅಣೆಕಟ್ಟು ಕಟ್ಟಿದ ಮೇಲೆ ಉಪ್ಪು ತೊಳೆಯುವ ನೀರೇ ಕಡಿಮೆಯಾಯಿತು. ರಣ್ ಮುಂದೆ ಬರುತ್ತಿದೆ ಅನ್ನುವ ಭಯ ಬೇರೆ. ಅದನ್ನು ತಡೆಯಲು 1961ರಲ್ಲಿ ಅರಣ್ಯ ಇಲಾಖೆ ಸುಮಾರು 31,000 ಹೆಕ್ಟೇರಿನಲ್ಲಿ ಜಾಲಿ ಹಾಕಿಸಿತು.

ಮುಂದಿನ ಕೆಲಸ ದನಗಳೇ ಮಾಡಿದವು. ಸಿಹಿ ಕಾಯಿ ತಿಂದವು, ಬೀಜ ಸಗಣಿಯಲ್ಲಿ ಬಿತ್ತು. ಗೊಬ್ಬರದ ಸಮೇತ ಬಿತ್ತನೆ! ಕಾಯಿ ಜಾಸ್ತಿ ತಿಂದ ಕಾಂಕ್ರೇಜ್ ತಳಿಯ ದನಗಳು ಕಾಯಿಲೆ ಬೀಳುತ್ತಿದ್ದವು. ಇಲ್ಲಿನ ದನಗಾಹಿಗಳಾದ ಮಾಲಧಾರಿಗಳು ಎಮ್ಮೆ ಕಡೆ ವಾಲಿದರು. ಬನ್ನಿ ಎಮ್ಮೆಗೆ 2010ರಲ್ಲಿ ಪ್ರತ್ಯೇಕ ತಳಿ ಅಂತ ಮಾನ್ಯತೆಯೂ ಸಿಕ್ಕಿತು.

2004ರಲ್ಲಿ ಇದ್ದಿಲು ಸುಡುವುದಕ್ಕಿದ್ದ ನಿಷೇಧ ತೆಗೆದಾಗ ಜಾಲಿ ಭರ್ಜರಿಯಾಗಿ ಕಡಿಯಲ್ಪಟ್ಟಿತು. 2008ರಲ್ಲಿ ಮತ್ತೆ ನಿಷೇಧ. ಬುಡ ಉಳಿದ ಕಡೆಯೆಲ್ಲ ಅದು ಪುನಃ ಚಿಗುರಿತು. ಬೇರು ಸಮೇತ ಕಿತ್ತರೂ ಎಲ್ಲ ಕಡೆ ಒಳ್ಳೆ ಹುಲ್ಲು ಬರುವುದಿಲ್ಲ, ಉಪ್ಪಿನ ತಗ್ಗಿನಲ್ಲಿ ಬರುವುದು ಸುಯೇಡಾನೇ. ಇಡೀ ಬನ್ನಿಗೆ ಒಂದೇ ಮದ್ದು ಅಂದುಕೊಂಡದ್ದು 1961ರ ತಪ್ಪು. ಈಗ ‘ಪೂರ್ತಿ ಕಿತ್ತುಬಿಡಿ’ ಅನ್ನುವುದೂ ಅದೇ ಧಾಟಿ, ಅಲ್ವಾ? ಅದೂ ಅಲ್ಲದೆ, ಮಳೆ ಕೈಕೊಟ್ಟ ವರ್ಷ ಜಾಲಿ ಇದ್ದಿಲಿನ ದುಡ್ಡಿನಲ್ಲೇ ಎಮ್ಮೆಗೆ ಮೇವು ಕೊಳ್ಳುವ ಮನೆಗಳು ಅಲ್ಲಿವೆ.